ಕಡವೆ ಕೊಂಬು ಕೊಯ್ಯದ ಕಮ್ಮಾರ

ಹೂಂ ಅನ್ನಿ. ನೀವು ಹೂಂಗುಟ್ಟಿದರೆ ಕಥೆ ನಡೆಯುತ್ತದೆ. ಸುಮ್ಮನಾದಿರೋ, ಮೊಂಡೆತ್ತಿನ ಹಾಗೆ ಅಲ್ಲೇ ಮಲಗಿಬಿಡುತ್ತದೆ. ಆಮೇಲೆ ಬಾಲ ತಿರುವಿದರೂ ಏಳುವುದಿಲ್ಲ.

ಯಾವುದೋ ಕಾಲ, ಯಾವುದೋ ಸೀಮೆ. ಊರಿನ ಹೆಸರು ನಮ್ಮಜ್ಜನಿಗೇ ಗೊತ್ತಿರಲಿಲ್ಲ, ನನಗೆ ಎಲ್ಲಿಂದ ಗೊತ್ತಾಗಬೇಕು? ಊರಿಗೊಂದು ಕೆರೆ, ಕೆರೆ ಏರಿಯ ಕೆಳಗೆ ಒಂದು ಕುಲುಮೆ, ಕುಲುಮೆಯಲ್ಲಿ ಒಬ್ಬ ಕಮ್ಮಾರ. ಹೆಸರು ಮೋನಾಚಾರಿ. ಹೆಂಡತಿ ಸಂಕವ್ವ. ಒಬ್ಬಳೇ ಮಗಳು, ಕೆಂಚವ್ವ.

ಮೋನಾಚಾರಿ ಬಡಿದ ಚಾಕು ಹೇಗಿರುತ್ತಿತ್ತು ಅಂತೀರಿ? ಈರುಳ್ಳಿ ಹೆಚ್ಚಲು ಕೂತರೆ ಕಣ್ಣಲ್ಲಿ ನೀರು ಬರುವ ಮುಂಚೆ ಹೆಚ್ಚಿ ಮುಗಿದಿರುತ್ತಿತ್ತು. ಕಬ್ಬು ಕಡಿದರೆ ಕಬ್ಬಿಗೇ ಗೊತ್ತಾಗುತ್ತಿರಲಿಲ್ಲ. ಅಂಥ ಅಲಗು. ಆದರೆ ಹಿಡಿ? ಹಿಡಿ ಮಾತ್ರ ಬೇವಿನ ಕೊರಡು. ಬೇವು ಸಿಗದಿದ್ದರೆ ಹೊಂಗೆ. ಹೊಂಗೆಯೂ ಸಿಗದಿದ್ದರೆ ಬೇಲಿಯಿಂದ ಮುರಿದ ಯಾವುದೋ ಕೋಲು. ಊರ ಜನ ಆಡಿಕೊಳ್ಳುತ್ತಿದ್ದರು: "ಮೋನಾಚಾರಿ ಚಾಕು ಅಂದ್ರೆ ಅಲಗು ಅರಮನೇದು, ಹಿಡಿ ಹಿತ್ತಲದು."

ಹಾಗಂತ ಒಳ್ಳೆಯ ಹಿಡಿಗೆ ಬೇಕಾದದ್ದು ಅವನ ಹತ್ತಿರ ಇರಲಿಲ್ಲವೆ? ಇತ್ತು! ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹಳೆಯ ಕಂಬಳಿ. ಕಂಬಳಿಯೊಳಗೆ ಏನು? ಕೇಳಿ.

ಒಂದು, ಕರಿಮರದ ತುಂಡು. ಅಮಾವಾಸ್ಯೆಯನ್ನು ಹಿಂಡಿ ಗಟ್ಟಿ ಮಾಡಿದ ಹಾಗೆ ಕಪ್ಪು. ಎರಡು, ಸಿಡಿಲು ಬಡಿದ ಹುಣಸೆಮರದ ಚೇಗು. ಮರ ಸುಟ್ಟು ಬೂದಿಯಾದರೂ ಒಳಗಿನ ಗಟ್ಟಿ ತಿರುಳು ಮಾತ್ರ ಉಳಿದಿತ್ತು. ಅದರ ಮೇಲೆ ಹರಿಯುವ ನೀರಿನ ಹಾಗೆ ಗೆರೆ. ಮೂರನೆಯದು, ಅವನ ಪ್ರಾಣ. ಕಡವೆಯ ಕೊಂಬು. ಕೊಂದು ತಂದದ್ದಲ್ಲ, ಶಿವ ಶಿವಾ! ಕಾಡಿನಲ್ಲಿ ಕಡವೆ ತಾನಾಗಿ ಉದುರಿಸಿ ಹೋದದ್ದು. ಮೂರು ಕವಲು, ಮೈತುಂಬ ಮುತ್ತಿನಂಥ ಗಂಟು, ತುದಿಯಲ್ಲಿ ಜೇನಿನ ಬಣ್ಣ.

ದಿನಾ ಬೆಳಗ್ಗೆ ಮೋನಾಚಾರಿ ಏಣಿ ಹತ್ತುತ್ತಿದ್ದ. ಕರಿಮರಕ್ಕೆ ಎಣ್ಣೆ ಸವರುತ್ತಿದ್ದ. ಹುಣಸೆ ಚೇಗಿಗೆ ಎಣ್ಣೆ ಸವರುತ್ತಿದ್ದ. ಕಡವೆ ಕೊಂಬನ್ನು ಮಾತ್ರ ಮಡಿಲಲ್ಲಿ ಮಲಗಿಸಿಕೊಂಡು ಸುಮ್ಮನೆ ನೋಡುತ್ತಿದ್ದ. ಕೆಳಗಿನಿಂದ ಸಂಕವ್ವ ಕೂಗುತ್ತಿದ್ದಳು.

"ಏನ್ರೀ, ಕೂಸು ಎದ್ದಿದೆಯಾ ಮಲಗಿದೆಯಾ? ಎದ್ದಿದ್ರೆ ಹೇಳಿ, ಹಾಲು ಕಾಸ್ತೀನಿ."

"ನಗಬೇಡ ಕಣೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೊಂಬು ಕೊಯ್ದರೂ ಅಷ್ಟೇ, ಮತ್ತೆ ಕೂಡುತ್ತಾ? ಇದಕ್ಕೆ ತಕ್ಕ ಅಲಗು ನನ್ನ ಕೈಯಿಂದ ಇನ್ನೂ ಹುಟ್ಟಿಲ್ಲ."

"ಹೋದ ವರ್ಷವೂ ಹಿಂಗೇ ಅಂದ್ರಿ."

"ಹೋದ ವರ್ಷವೂ ಹುಟ್ಟಿರಲಿಲ್ಲ."

ಏನು ಹೇಳೋದು ಇಂಥವನಿಗೆ? ಅಲಗು ಚೆನ್ನಾಗಿ ಬಂದರೆ "ಇದಕ್ಕಿಂತ ಚೆನ್ನಾಗಿರೋದು ಬರಬಹುದು" ಅನ್ನುವನು. ಅದಕ್ಕಿಂತ ಚೆನ್ನಾಗಿರುವುದು ಬಂದರೆ "ಬರೋದು ಬಂತು, ಇನ್ನೊಂದು ನೋಡೋಣ" ಅನ್ನುವನು. ಹಸಿದವನು ಎಲೆ ಮುಂದೆ ಕೂತು, ನಾಳೆ ಇನ್ನೂ ಹಸಿವಾದಾಗ ಉಣ್ಣುತ್ತೇನೆ ಅಂದ ಹಾಗೆ.

ಹೀಗಿರುವಾಗ ಒಂದು ದಿನ ಪಾಳೇಗಾರನ ಕಡೆಯ ದಫೇದಾರ ಬಂದ. ಮೀಸೆ ಮುಂದೆ, ಆಳು ಹಿಂದೆ.

"ಮೋನಾಚಾರಿ, ದೊರೆಗಳಿಗೆ ಒಂದು ಬಾಕು ಬೇಕು. ಹಿಡಿಗೆ ಕರಿಮರ. ನಿನ್ನ ಹತ್ತಿರ ಇದೆ ಅಂತ ಊರೆಲ್ಲ ಹೇಳ್ತದೆ."

ಪಾಳೇಗಾರನಿಗೆ ಇಲ್ಲ ಅನ್ನೋಕಾಗುತ್ತಾ? ಕತ್ತು ಉಳಿಯುತ್ತಾ? ಮೋನಾಚಾರಿ ಯೋಚನೆ ಮಾಡಿದ. ತಾನು ಇಲ್ಲ ಅನ್ನಬಾರದು. ಆದರೆ ದೇವರು ಅನ್ನಬಹುದಲ್ಲ!

"ದಫೇದಾರರೇ, ಇದು ನನ್ನ ಸೊತ್ತಲ್ಲ. ಕುಲುಮೆಯ ಕಾಳಮ್ಮನದು. ಹೂ ಕೇಳ್ತೀನಿ. ಅಮ್ಮ ಹೂಂ ಅಂದ್ರೆ ಈಗಲೇ ಕೊಯ್ತೀನಿ."

ಹೂ ಕೇಳುವುದು ಅಂದರೆ ನಿಮಗೆ ಗೊತ್ತಲ್ಲ. ಕುಲುಮೆಯ ಗೂಡಿನಲ್ಲಿ ಕಾಳಮ್ಮನ ಕಲ್ಲಿನ ಮೂರ್ತಿ. ಬಲ ಭುಜಕ್ಕೊಂದು ಹೂ, ಎಡ ಭುಜಕ್ಕೊಂದು ಹೂ. ಕೈಮುಗಿದು ಕೂತು ಬೇಡಿಕೊಳ್ಳುವುದು. ಬಲದ ಹೂ ಬಿದ್ದರೆ ಆಗಲಿ ಅಂತ. ಎಡದ್ದು ಬಿದ್ದರೆ ಬೇಡ ಅಂತ. ಎರಡೂ ಬೀಳದಿದ್ದರೆ? ಅಮ್ಮ ಇನ್ನೂ ಬಾಯಿ ಬಿಟ್ಟಿಲ್ಲ, ಕಾಯಬೇಕು.

ಮೋನಾಚಾರಿ ಹೂ ಇಟ್ಟ. ಇಡುವಾಗ ಏನು ಮಾಡಿದ? ಮೂರ್ತಿಯ ಹೆಗಲ ಸಂದಿಗೆ ಹೂವನ್ನು ಒಂದಿಷ್ಟು ಒತ್ತಿದ. ಗಾಳಿಗೆ ಬೀಳದಿರಲಿ ಅಂತ ತನಗೆ ತಾನೇ ಹೇಳಿಕೊಂಡ. ದಫೇದಾರ ಕೂತ, ಕೂತ, ಕೂತೇ ಕೂತ. ಹೂ ಅಲ್ಲಾಡಲಿಲ್ಲ. ಕಡೆಗೆ ಮೀಸೆ ತಿರುವಿಕೊಂಡು ಬೇವಿನ ಹಿಡಿಯ ಬಾಕು ತೆಗೆದುಕೊಂಡು ಹೋದ. "ಕಾಳಮ್ಮನೇ ಬಾಯಿ ಬಿಡಲಿಲ್ಲ ದೊರೆ, ನಾನೇನು ಮಾಡ್ಲಿ?" ಅಂದನಂತೆ. ದೊರೆಯೂ ಕಾಳಮ್ಮನಿಗೆ ಹೆದರುವವನೇ. ಸುಮ್ಮನಾದ.

ಮೋನಾಚಾರಿಗೆ ದಾರಿ ಸಿಕ್ಕಿತು ನೋಡಿ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಅವನೇ, ಬೇಡುವವನೂ ಅವನೇ.

ಸ್ವಲ್ಪ ದಿನ ಕಳೆಯಿತು. ಊರ ಸೂಲಗಿತ್ತಿ ಚೌಡಮ್ಮ ಬಂದಳು. ಸೊಂಟ ಬಗ್ಗಿದ ಮುದುಕಿ. ಊರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು.

"ಮೋನಣ್ಣಾ, ಹೊಕ್ಕಳಬಳ್ಳಿ ಕೊಯ್ಯೋಕೆ ಒಂದು ಸಣ್ಣ ಚಾಕು ಮಾಡಿಕೊಡಪ್ಪ. ಬೇವಿನ ಹಿಡಿ ನೀರು ಕುಡಿದು ಕುಡಿದು ಸಡಿಲ ಆಗ್ತದೆ. ಆ ಸಿಡಿಲು ಬಡಿದ ಹುಣಸೆ ಇದೆಯಂತಲ್ಲ, ಒಂದು ಬೆರಳಷ್ಟು ಸಾಕು."

"ಕೊಡೋಕೆ ನಾನ್ಯಾರು ಚೌಡಕ್ಕ? ಹೂ ಕೇಳೋಣ."

ಈ ಸಲ ಏನು ಮಾಡಿದ? ಬಾಳೆನಾರಿನ ಎಳೆಯಿಂದ ಹೂವನ್ನು ಮೂರ್ತಿಯ ತೋಳಿಗೆ ಮೆಲ್ಲಗೆ ಸುತ್ತಿದ. ಅಮ್ಮನಿಗೆ ಅಲಂಕಾರ ಅಂದುಕೊಂಡ. ಹೂ ಬಿತ್ತಾ? ಹೇಗೆ ಬೀಳುತ್ತದೆ! ಚೌಡಮ್ಮ ಕೋಲು ಊರಿ ಎದ್ದಳು.

"ಆಗಲಿ ಮೋನಣ್ಣ. ಕೂಸು ಬರುವಾಗ ನಾನು ಹೂ ಕೇಳ್ತಾ ಕೂರೋಕಾಗಲ್ಲ. ಆ ಬೇವಿಂದೇ ಕೊಡು" ಅಂದಳು. ತೆಗೆದುಕೊಂಡು ಹೋದಳು.

ಸಂಕವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಹೂ ಬಾಡಿತು, ಒಣಗಿತು, ತರಗಾಯಿತು. ಬೀಳಲಿಲ್ಲ. "ಬಾಡಿದ ಹೂ ಬೀಳದೆ ನಿಲ್ಲೋದನ್ನ ನಾನು ಇದೇ ಮೊದಲು ನೋಡಿದ್ದು" ಅಂದಳು. ಗಂಡ ಕೇಳಿಸದವನ ಹಾಗೆ ಕುಲುಮೆಗೆ ಗಾಳಿ ಊದುವ ತಿದಿ ಒತ್ತಿದ.

ಇಲ್ಲಿಯವರೆಗೆ ನಗುವ ಮಾತು. ಇನ್ನು ಮುಂದೆ ಕೆಂಚವ್ವನ ಬಾಳಿನ ಮಾತು. ಹತ್ತಿರ ಸರಿದು ಕೇಳಿ.

ಕೆಂಚವ್ವನಿಗೆ ಹೊಳೆಯಾಚೆ ಊರಿನ ಗಂಗಾಚಾರಿ ಅನ್ನುವ ಹುಡುಗನ ಜೊತೆ ಮಾತಾಗಿತ್ತು. ಅವನೂ ಕಮ್ಮಾರನೇ. ಒಳ್ಳೆಯ ಹುಡುಗ, ಕೆಂಡದ ಮುಂದೆ ಕೂತರೂ ತಣ್ಣಗಿನ ಮಾತು. ವೀಳ್ಯ ಬದಲಾಯಿಸುವ ದಿನ ಅವನು ಒಂದು ಸಲ ತಲೆಯೆತ್ತಿ ನೋಡಿದ. ಇವಳು ಎರಡು ಸಲ ನೋಡಿದಳು. ಅಷ್ಟೇ, ಮನಸ್ಸು ಕೂತುಬಿಟ್ಟಿತು.

ಆ ಸೀಮೆಯ ಕಮ್ಮಾರರಲ್ಲಿ ಒಂದು ಪದ್ಧತಿ. ಮದುಮಗ ಹಸೆಗೆ ಬರಬೇಕಾದರೆ ಕೈಯಲ್ಲಿ ಚಾಕು ಹಿಡಿದೇ ಬರಬೇಕು. ತುದಿಗೆ ನಿಂಬೆಹಣ್ಣು, ದೃಷ್ಟಿ ತಾಗದಿರಲಿ ಅಂತ. ಆ ಚಾಕು ಹೆಣ್ಣಿನ ತಂದೆ ತನ್ನ ಕೈಯಾರೆ ಮಾಡಿದ್ದಾಗಬೇಕು. ಹಿಡಿಯೂ ಅವನೇ ಹಾಕಿದ್ದಾಗಬೇಕು. ಬೇವು, ಹೊಂಗೆ ನಡೆಯದು. ಮನೆಯಲ್ಲಿದ್ದದ್ದರಲ್ಲಿ ಮೇಲಾದದ್ದನ್ನೇ ಕೊಡಬೇಕು. ಚಾಕು ಇಲ್ಲದೆ ತಾಳಿ ಇಲ್ಲ.

ಅಲಗು ಎಂದೋ ಸಿದ್ಧವಾಗಿತ್ತು. ಅಂಥ ಅಲಗನ್ನು ಮೋನಾಚಾರಿ ಹಿಂದೆಂದೂ ಬಡಿದಿರಲಿಲ್ಲ. ಹಿಡಿಗೆ ಕಡವೆ ಕೊಂಬೇ ಅಂತ ಬೀಗರಿಗೆ ಮಾತೂ ಕೊಟ್ಟಿದ್ದ. ಕೊಟ್ಟ ಮಾತು ಒಂದು ಕಡೆ, ಕೊಯ್ಯದ ಕೊಂಬು ಒಂದು ಕಡೆ. ಮಾಗಿಯಲ್ಲಿ ಒಂದು ಲಗ್ನ ಗೊತ್ತಾಯಿತು. "ಕೊಂಬು ಇನ್ನೊಂದಿಷ್ಟು ಎಣ್ಣೆ ಕುಡೀಲಿ" ಅಂದ. ಲಗ್ನ ಹೋಯಿತು. ಯುಗಾದಿ ಕಳೆದು ಇನ್ನೊಂದು ಗೊತ್ತಾಯಿತು. "ಬಿಸಿಲಿಗೆ ಕೊಂಬು ಕೊಯ್ದರೆ ಸೀಳ್ತದೆ" ಅಂದ. ಅದೂ ಹೋಯಿತು.

ನೆರೆಮನೆಯ ಹೆಂಗಸು ಸಂಕವ್ವನಿಗೆ ಸಮಾಧಾನ ಹೇಳಿದಳು. "ಪಾಪ, ಒಬ್ಬಳೇ ಮಗಳು. ಕಳಿಸೋಕೆ ಕರುಳು ಒಪ್ಪಲ್ಲ ಕಣಕ್ಕ. ಅದಕ್ಕೇ ಮುಂದೂಡ್ತಾನೆ."

"ಮಗಳನ್ನ ಕಳಿಸೋಕಲ್ಲ ಕಣವ್ವ," ಅಂದಳು ಸಂಕವ್ವ, "ಕೊಂಬನ್ನ ಕಳಿಸೋಕೆ!"

ಕಡೆಗೆ ಹೊಳೆಯಾಚೆಯಿಂದ ಹುಡುಗನ ಅಜ್ಜಿಯೇ ಎದ್ದು ಬಂದಳು. ಗಿರಿಯಜ್ಜಿ ಅಂತ. ಗಂಡ, ಮಗ, ಮೊಮ್ಮಗ ಮೂರು ತಲೆಮಾರಿನ ತಿದಿ ಒತ್ತಿದವಳು. ಹಲ್ಲು ಹೋಗಿದ್ದವು, ನಾಲಿಗೆ ಹೋಗಿರಲಿಲ್ಲ.

"ನೋಡಪ್ಪ ಬೀಗ. ಆಷಾಢ ಕಾಲಿಡೋಕೆ ಮುಂಚೆ ಒಂದು ಲಗ್ನ ಇದೆ. ಅವತ್ತು ತಾಳಿ ಬಿದ್ದರೆ ಬಿತ್ತು. ಇಲ್ಲಾಂದ್ರೆ ನಮ್ಮ ಹುಡುಗನಿಗೆ ಬೇರೆ ಕುಲುಮೆ ನೋಡ್ತೀವಿ. ನಿನ್ನ ಕೊಂಬು ನೀನು ಇಟ್ಟುಕೋ. ಬೇಕಾದರೆ ತಲೆ ಮೇಲೆ ಕಟ್ಟಿಕೋ."

ಬಾಗಿಲ ಹಿಂದೆ ಕೆಂಚವ್ವನ ಕಣ್ಣಲ್ಲಿ ನೀರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಪ್ಪನಿಗೆ ಹಿಡಿಯ ಚಿಂತೆ, ಮಗಳಿಗೆ ಬಾಳಿನ ಚಿಂತೆ.

ಲಗ್ನದ ದಿನ ಬಂತು. ಅಂಗಳದಲ್ಲಿ ಹಸಿರು ಚಪ್ಪರ. ಹೊಳೆ ದಾಟಿ ದಿಬ್ಬಣ ಬಂತು. ಓಲಗದವರು ಉಬ್ಬಿದ ಕೆನ್ನೆಯಲ್ಲಿ ಊದುತ್ತಿದ್ದಾರೆ. ಒಲೆಯ ಮೇಲೆ ಪಾಯಸ ಕುದಿಯುತ್ತಿದೆ. ಕೆಂಚವ್ವ ಅರಿಶಿನ ಹಚ್ಚಿಕೊಂಡು ಹಸೆಯ ಮೇಲೆ ಕೂತಿದ್ದಾಳೆ. ಗಂಗಾಚಾರಿ ಚಪ್ಪರದ ಬಾಗಿಲಲ್ಲಿ ಖಾಲಿ ಕೈಯಲ್ಲಿ ನಿಂತಿದ್ದಾನೆ. ನಿಂಬೆಹಣ್ಣು ಇದೆ, ಚುಚ್ಚೋಕೆ ಚಾಕು ಇಲ್ಲ!

"ಬೀಗರೇ, ಚಾಕು?" ಅಂದರು ದಿಬ್ಬಣದವರು.

ಮೋನಾಚಾರಿ ಮಡಿಯುಟ್ಟು ಕುಲುಮೆಯ ಗೂಡಿನ ಮುಂದೆ ಕೂತಿದ್ದ. "ಅಲಗು ಸಿದ್ಧ, ಕೊಂಬು ಸಿದ್ಧ. ಅಮ್ಮನ ಅಪ್ಪಣೆ ಒಂದೇ ಬಾಕಿ. ಹೂ ಇಟ್ಟಿದ್ದೀನಿ" ಅಂದ.

ಈ ಸಲ ಏನು ಮಾಡಿದ್ದ ಗೊತ್ತಾ? ಹೇಳೋಕೆ ನನಗೇ ನಾಚಿಕೆ. ಅರಗು ಹಚ್ಚಿದ್ದ! ಅರಗು ಅಂದರೆ ಕಮ್ಮಾರರ ಅಂಟು. ಹಿಡಿಯ ತೂತಿಗೆ ಅರಗು ತುಂಬಿ, ಕಾಸಿದ ಅಲಗಿನ ಬಾಲ ತೂರಿಸಿದರೆ, ಆರಿದ ಮೇಲೆ ಜಟ್ಟಿ ಎಳೆದರೂ ಕಿತ್ತು ಬರದು. ಅಂಥ ಅರಗನ್ನು ಹೂವಿನ ತೊಟ್ಟಿಗೆ ಒಂದು ಚೂರು ಹಚ್ಚಿ, ಬಲಕ್ಕೊಂದು ಎಡಕ್ಕೊಂದು ಅಂಟಿಸಿಬಿಟ್ಟಿದ್ದ. ಮನಸ್ಸು ಚುಚ್ಚಲಿಲ್ಲವೆ? ಚುಚ್ಚಿತು. ಆದರೆ ಅವನು ಏನಂದುಕೊಂಡ ಕೇಳಿ: "ಅಮ್ಮನಿಗೆ ನಿಜವಾಗಿ ಬೇಕಾದರೆ ಅರಗಿದ್ದರೂ ಬೀಳಿಸ್ತಾಳೆ." ನೋಡಿ, ಭಕ್ತಿಯನ್ನೂ ಬಿಡಲೊಲ್ಲ, ಕೊಂಬನ್ನೂ ಬಿಡಲೊಲ್ಲ.

ಜನ ಕುಲುಮೆಯ ಮುಂದೆ ಸೇರಿದರು. "ಬಲಕ್ಕೆ ಕೊಡಮ್ಮಾ, ಬಲಕ್ಕೆ ಕೊಡು ತಾಯೀ" ಅಂದರು. ಹೂ ಅಲ್ಲಾಡಲಿಲ್ಲ. ಓಲಗದವರು ಊದಿ ಊದಿ ಉಸಿರು ಸೋತು ಕೂತರು. ಪಾಯಸ ತಳ ಹಿಡಿಯಿತು. ಬಿಸಿಲು ಚಪ್ಪರದ ಕಂಬದ ಬುಡಕ್ಕೆ ಬಂತು. ಪುರೋಹಿತ "ಹೊತ್ತು ಮೀರ್ತದೆ, ಹೊತ್ತು ಮೀರ್ತದೆ" ಅಂದ. ಗಿರಿಯಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ನಡೀರೋ. ದೇವಿಗೇ ಇಷ್ಟ ಇಲ್ಲ ಅಂದ್ಮೇಲೆ ನಾವು ಇಲ್ಲಿ ಕೂತು ಮಾಡೋದೇನು? ಬಂಡಿ ಕಟ್ಟಿ."

ಗಂಗಾಚಾರಿ "ಅಜ್ಜೀ" ಅಂದ. ಅಜ್ಜಿ ತಿರುಗಿ ನೋಡಲಿಲ್ಲ.

ಆಗ ಏನಾಯಿತು? ಹಸೆಯ ಮೇಲೆ ಕೂತ ಮದುಮಗಳು ಎದ್ದುಬಿಟ್ಟಳು! ಹಸೆಯಿಂದ ಮದುಮಗಳು ಏಳುವುದುಂಟೇ? ಹೆಂಗಸರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕೆಂಚವ್ವ ಅರಿಶಿನದ ಕಾಲಲ್ಲೇ ನಡೆದು ಬಂದು ಅಪ್ಪನ ಮುಂದೆ ನಿಂತಳು.

"ಅಪ್ಪಾ, ಒಂದು ಮಾತು ಕೇಳ್ತೀನಿ, ಬೈಬೇಡ. ನನ್ನನ್ನ ಇವರ ಮನೆಗೆ ಕೊಡೋ ಮಾತಾದಾಗ ಹೂ ಕೇಳಿದ್ಯಾ?"

ಮೋನಾಚಾರಿ ತಲೆ ಕೆರೆದುಕೊಂಡ. "ಇಲ್ಲ ಮಗಾ. ಒಳ್ಳೆ ಮನೆ, ಒಳ್ಳೆ ಹುಡುಗ. ಕೇಳೋದೇನಿತ್ತು?"

"ಮಗಳನ್ನ ಕೊಡೋಕೆ ಒಂದು ಹೂವೂ ಬೇಕಾಗಲಿಲ್ಲ. ಕೊಂಬು ಕೊಡೋಕೆ ಬೇಕಾಯ್ತಾ?"

ಮೋನಾಚಾರಿ ಮಗಳ ಮುಖ ಬಿಟ್ಟು ಗೂಡಿನ ಕಡೆ ತಿರುಗಿದ. ಅಷ್ಟು ಹೊತ್ತಿಗೆ ಸಂಕವ್ವ ಒಳಗಿನಿಂದ ಬಂದಳು. ಕೈಯಲ್ಲಿ ಆರತಿ ತಟ್ಟೆ. ತಟ್ಟೆಯ ತುಂಬ ಕರ್ಪೂರ. ಒಂದು ಚೂರಲ್ಲ, ಎರಡು ಚೂರಲ್ಲ, ಗುಡ್ಡೆ!

"ಅದೇನೇ ಅಷ್ಟು ಕರ್ಪೂರ?" ಅಂದ ಗಂಡ.

"ಮಗಳ ಮದುವೆ ಅಲ್ವಾ? ಇವತ್ತಲ್ಲದೆ ಇನ್ಯಾವತ್ತು?" ಅಂದಳು. ಹಚ್ಚಿದಳು. ಭಗ್ ಅಂತ ಉರಿ ಎದ್ದಿತು. ಆರತಿಯನ್ನು ಅಮ್ಮನ ಮುಖದ ಹತ್ತಿರ ತಂದಳು. ಬಲಗಡೆ ಬೆಳಗಿದಳು, ಎಡಗಡೆ ಬೆಳಗಿದಳು. ಅವಸರವೇ ಇಲ್ಲ. ಅವಳಿಗೆ ಅರಗಿನ ವಿಷಯ ಗೊತ್ತಿತ್ತೋ ಇಲ್ಲವೋ? ಅದು ಅವಳಿಗೆ ಗೊತ್ತು, ಕಾಳಮ್ಮನಿಗೆ ಗೊತ್ತು. ನನ್ನ ಕೇಳಬೇಡಿ.

ಬೆಂಕಿ ಮುಂದೆ ಅರಗು ನಿಲ್ಲುತ್ತದೆಯೆ? ಮೊದಲು ಮಿನುಗಿತು. ಆಮೇಲೆ ಇಳಿಯಿತು. ಹೂ ಜಾರಿತು. ಬಲದ್ದಾ ಎಡದ್ದಾ ಅಂತ ಜನ ಕಣ್ಣು ಬಿಟ್ಟರೆ, ಎರಡೂ! ಬಲದ ಹೂವೂ ಬಿತ್ತು, ಎಡದ ಹೂವೂ ಬಿತ್ತು. ಒಟ್ಟಿಗೇ ಬಿದ್ದವು, ಟಪ್ ಟಪ್ ಅಂತ.

ಜನಕ್ಕೆ ದಿಕ್ಕು ತೋಚಲಿಲ್ಲ. "ಆಗಲಿ ಅಂತಾನಾ?" "ಬೇಡ ಅಂತಾನಾ?" "ಎರಡೂ ಅಂತಾನಾ?" ಪುರೋಹಿತ ಪಂಚಾಂಗ ತಿರುವಿದ. ಅದರಲ್ಲಿ ಅಂಥದ್ದೇನೂ ಬರೆದಿರಲಿಲ್ಲ.

ಬಂಡಿಯ ಕಡೆ ಹೊರಟಿದ್ದ ಗಿರಿಯಜ್ಜಿ ವಾಪಸು ಬಂದಳು. ಬಗ್ಗಿ ಹೂ ಎತ್ತಿಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮೂಗಿನ ಹತ್ತಿರ ಹಿಡಿದಳು. ಹೂವಿನ ವಾಸನೆ ಬರಬೇಕಾದಲ್ಲಿ ಬೇರೆ ಏನೋ ವಾಸನೆ! ತೊಟ್ಟು ಮುಟ್ಟಿ ನೋಡಿದಳು. ಬೆರಳಿಗೆ ಅಂಟಿತು. ಮೂರು ತಲೆಮಾರು ಕುಲುಮೆಯಲ್ಲಿ ಬೆಂದವಳಿಗೆ ಅದು ಏನು ಅಂತ ಹೇಳಿಕೊಡಬೇಕೆ? ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದ ಹಾಗಾದೀತು.

"ಬೀಗಾ," ಅಂದಳು ಮೆಲ್ಲಗೆ, "ನಿಮ್ಮೂರಲ್ಲಿ ದೇವರ ಹೂವಿಗೂ ಅರಗು ಹಚ್ತಾರಾ?"

ಅಯ್ಯೋ ಶಿವನೇ! ಮೋನಾಚಾರಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸೂಲಗಿತ್ತಿ ಚೌಡಮ್ಮ ಮೂಲೆಯಲ್ಲಿ ಕೂತಿದ್ದಳು. ಅವಳು ಮೊದಲು ಕಿಸಕ್ಕಂದಳು. ಅಲ್ಲಿಂದ ಹತ್ತಿಕೊಂಡಿತು. ಚಪ್ಪರಕ್ಕೆ ಚಪ್ಪರವೇ ನಕ್ಕಿತು.

ಮೋನಾಚಾರಿ ಕಾಳಮ್ಮನ ಮುಂದೆ ಅಡ್ಡಬಿದ್ದ. "ತಪ್ಪಾಯ್ತು ತಾಯೀ. ನಿನ್ನ ಬಾಯಿಗೆ ಬೀಗ ಹಾಕಿದ ಪಾಪಿ ನಾನು. ಈಗ ಎರಡೂ ಹೂ ಕೊಟ್ಟಿದ್ದೀಯ. ಏನಂತ ತಿಳ್ಕೊಳ್ಳಲಿ?"

ಗಿರಿಯಜ್ಜಿ ಹೂವಿನ ತೊಟ್ಟಿನಿಂದ ಅರಗಿನ ಚೂರನ್ನು ಉಗುರಿನಿಂದ ಬಿಡಿಸಿದಳು. ಉಂಡೆ ಮಾಡಿದಳು. ಅವನ ಅಂಗೈಯಲ್ಲಿ ಇಟ್ಟಳು.

"ಹೂವಲ್ಲಿ ಏನೂ ಹುಡುಕಬೇಡ. ಅಮ್ಮ ಹೂ ಕೊಟ್ಟಿಲ್ಲ ಕಣಪ್ಪ, ಅರಗು ವಾಪಸು ಕೊಟ್ಟಿದ್ದಾಳೆ. ಅದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿಸು ಅಂತ. ಏಳು. ಹೊತ್ತು ಇನ್ನೂ ಇದೆ. ಕುಂಬಾರನಿಗೆ ವರುಷ ಆದರೆ ದೊಣ್ಣೆಗೆ ನಿಮಿಷ."

ಮೋನಾಚಾರಿ ಎದ್ದ. ಅಟ್ಟ ಹತ್ತಿದ. ಪೆಟ್ಟಿಗೆ ತೆಗೆದ. ಇಳಿಯುವಾಗ ಹೆಗಲ ಮೇಲೆ ಕಡವೆ ಕೊಂಬು, ಜಾತ್ರೆಯಲ್ಲಿ ಮಗುವನ್ನು ಹೊತ್ತ ಹಾಗೆ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟ. ಅವನು ಕೊಂಬನ್ನೇ ನೋಡುತ್ತ ನಿಂತ. ಬುಡದಿಂದ ಕೊಯ್ಯಲೋ, ತುದಿಯಿಂದ ಕೊಯ್ಯಲೋ? ಈ ಗಂಟು ಉಳಿಯಲೋ, ಆ ಗಂಟು ಉಳಿಯಲೋ?

"ಕೊಂಬನ್ನ ಎಷ್ಟು ನೋಡ್ತೀಯಪ್ಪ? ಕೈ ನೋಡು, ಕೈ!" ಅಂದಳು ಗಿರಿಯಜ್ಜಿ.

ಮೋನಾಚಾರಿ ಅಳಿಯನ ಕೈ ಹಿಡಿಯಲು ಹೋದ.

"ಅವನದ್ದಲ್ಲ. ಅವನು ಹಿಡಿಯೋದು ಇವತ್ತೊಂದು ಹಗಲು, ನಿಂಬೆಹಣ್ಣು ಚುಚ್ಚಿಕೊಂಡು. ನಾಳೆಯಿಂದ ಬಾಳೆಲ್ಲ ಹಿಡಿಯೋಳು ಯಾರು? ಅವಳ ಕೈ ನೋಡು."

ಮೋನಾಚಾರಿ ಮಗಳ ಕೈ ಹಿಡಿದ. ಎಷ್ಟು ವರ್ಷ ಆ ಕೊಂಬನ್ನು ದಾರದಲ್ಲಿ ಅಳೆದಿದ್ದ, ಗೇಣಿನಲ್ಲಿ ಅಳೆದಿದ್ದ, ಬೆಳಕಿಗೆ ಹಿಡಿದು ನೋಡಿದ್ದ. ಆದರೆ ಯಾರ ಕೈಗೂ ಅದನ್ನು ಕೊಟ್ಟು ನೋಡಿರಲಿಲ್ಲ. ಕೆಂಚವ್ವ ದೊಡ್ಡ ಕವಲನ್ನು ಹಿಡಿದಳು. ದಪ್ಪವಾಯಿತು. ತುದಿಯ ಕವಲು ಹಿಡಿದಳು. ಸಣ್ಣದಾಯಿತು. ನಡುವಿನ ಕವಲು ಹಿಡಿದಳು. ಬೆರಳು ತಾವಾಗಿ ಮಡಚಿಕೊಂಡವು. ಕೈ ತೆಗೆದಾಗ ಕೊಂಬಿನ ಮೇಲೆ ಅರಿಶಿನದ ಗುರುತು ಉಳಿದಿತ್ತು, ಇಲ್ಲಿಂದ ಇಲ್ಲಿಗೆ ಅಂತ. ಇನ್ನು ಗೆರೆ ಎಳೆಯುವ ಕೆಲಸವೂ ಇಲ್ಲ.

ಗರಗಸ ಇಟ್ಟ. ತೆಗೆದ. ಮತ್ತೆ ಇಟ್ಟ. ಮತ್ತೆ ತೆಗೆದ.

"ನಾನು ಎಳೀಲಾ?" ಅಂದಳು ಸಂಕವ್ವ.

"ಬೇಡ ಬೇಡ, ನೀನು ವಕ್ರ ಕೊಯ್ತೀಯ!" ಅಂದವನೇ ಕಣ್ಣು ಮುಚ್ಚಿ ಎಳೆದ.

ಗರ್ ಅಂತ ಸದ್ದಾಯಿತು. ಬಿಳಿಯ ಪುಡಿ ಉದುರಿತು. ಮೋನಾಚಾರಿ ಕಣ್ಣು ತೆರೆದು ನೋಡಿದ. ಆಕಾಶ ಬಿದ್ದಿತ್ತಾ? ಇಲ್ಲ. ಕೊಂಬು ಅತ್ತಿತ್ತಾ? ಇಲ್ಲ. ಮತ್ತೆ ಎಳೆದ. ಈ ಸಲ ಕಣ್ಣು ತೆರೆದೇ ಎಳೆದ. ಆಮೇಲೆ ಕೈಯನ್ನು ಯಾರು ಹಿಡಿಯಬೇಕು? ಕವಲು ಬಿಡಿಸಿದ. ಬುಡ ಉಜ್ಜಿದ, ತೂತು ಕೊರೆದ. ಅಳಿಯ ತಿದಿ ಒತ್ತಿದ, ಮಾವ ಅಲಗಿನ ಬಾಲ ಕಾಸಿದ. ತೂತಿಗೆ ಅರಗು ತುಂಬಿದ, ಅಜ್ಜಿ ಕೊಟ್ಟ ಆ ಚೂರನ್ನೂ ಸೇರಿಸಿದ. ಕೆಂಪಗೆ ಕಾದ ಬಾಲವನ್ನು ಇಳಿಸಿದಾಗ ಸೊಂಯ್ ಅಂತು. ಸುಟ್ಟ ಕೂದಲಿನ ವಾಸನೆ ಚಪ್ಪರದವರೆಗೂ ಹೋಯಿತು. ಪುರೋಹಿತ ಮೂಗು ಮುಚ್ಚಿಕೊಂಡೇ ಮಂತ್ರ ಶುರು ಮಾಡಿದ.

ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ ತೊಡಿಸಿ ಚಾಕುವನ್ನು ಅಳಿಯನ ಕೈಗಿಟ್ಟಾಗ ಹೊತ್ತು ಮೀರಲು ಎಲೆ ಮಡಚುವಷ್ಟು ಸಮಯ ಉಳಿದಿತ್ತು. ಗಂಗಾಚಾರಿ ತುದಿಗೆ ನಿಂಬೆಹಣ್ಣು ಚುಚ್ಚಿಕೊಂಡು ಹಸೆಗೆ ಓಡಿದ. ಹೌದು, ಓಡಿದ! ಮದುಮಗ ನಡೆಯಬೇಕು ಅನ್ನುವುದು ಆ ಹೊತ್ತಿಗೆ ಯಾರಿಗೆ ನೆನಪಿತ್ತು? ಓಲಗ ಊದಿತು. ತಾಳಿ ಬಿತ್ತು. ತಳ ಹಿಡಿದ ಪಾಯಸವನ್ನೇ ಜನ ಚಪ್ಪರಿಸಿ ಉಂಡರು.

ಕಥೆ ಮುಗಿಯಿತು ಅಂದುಕೊಂಡಿರಾ? ತಡೆಯಿರಿ, ಇನ್ನೊಂದು ಚೂರು ಇದೆ.

ಹೆಣ್ಣನ್ನು ಗಂಡನ ಮನೆಗೆ ಬಿಟ್ಟು ಬರಲು ಸಂಕವ್ವನ ತಮ್ಮ ನಿಂಗಾಚಾರಿ ಹೋಗಿದ್ದ. ಮಾರನೆಯ ದಿನ ವಾಪಸು ಬಂದ. ಮೋನಾಚಾರಿ ಜಗಲಿಯಲ್ಲೇ ಕಾಯುತ್ತ ಕೂತಿದ್ದ.

"ಮಗಳು ಹೇಗಿದ್ದಾಳೋ? ಚಾಕು ಹೇಗಿದೆಯೋ?"

"ಏನು ಹೇಳ್ಲಿ ಬಾವ! ಹೊಳೆಯಾಚೆ ಊರಿಗೆ ಊರೇ ಚಾಕು ನೋಡೋಕೆ ಬಂದಿತ್ತು. ಒಬ್ಬರ ಕೈಯಿಂದ ಒಬ್ಬರ ಕೈಗೆ, ಹುಟ್ಟಿದ ಕೂಸನ್ನ ಎತ್ತಿಕೊಂಡ ಹಾಗೆ. ಕಡೆಗೆ ಅಳಿಯಂದಿರೇ ಅಂದ್ರು, 'ಇಂಥಾದ್ದನ್ನ ಸೊಪ್ಪು ಹೆಚ್ಚೋಕೆ ಇಡೋದಾ? ರೇಷ್ಮೆ ಬಟ್ಟೇಲಿ ಸುತ್ತಿ ಅಟ್ಟದ ಮೇಲೆ ಇಡೋಣ' ಅಂತ. ಗಿರಿಯಜ್ಜಿಯೂ, 'ಹೌದಪ್ಪ, ಇಡಿ' ಅಂದ್ಲು."

"ಅಜ್ಜಿಯೂ ಅಂದ್ಲಾ!"

"ಅಂದ್ಲು ಬಾವ. ಆದ್ರೆ ಅಟ್ಟ ಅನ್ನೋ ಮಾತು ಕಿವಿಗೆ ಬಿತ್ತು ನೋಡು, ನಿನ್ನ ಮಗಳು ಹೊಸ ಸೊಸೆ ಅನ್ನೋದನ್ನೂ ಮರೆತಳು. ಚಾಕು ಕಿತ್ತುಕೊಂಡ್ಲು. ಪಡಸಾಲೇಲಿ ಇಷ್ಟಗಲದ ಒಂದು ಹಲಸಿನಹಣ್ಣಿತ್ತು. ಕೈಗೆ ಎಣ್ಣೆ ಸವರಿಕೊಂಡ್ಲು, ಹಣ್ಣಿನ ಮುಂದೆ ಕೂತ್ಲು, ಒಂದೇ ಏಟಿಗೆ..."

"ಹಲಸಿನಹಣ್ಣಾ!" ಮೋನಾಚಾರಿ ಎದ್ದು ನಿಂತ. "ಅಯ್ಯೋ, ಅದರ ಮೇಣಾ! ನನ್ನ ಕಡವೆ ಕೊಂಬಿಗೆ ಮೇಣಾ!"

"ಮೈತುಂಬ ಮೆತ್ತಿತ್ತು ಬಾವ. ಗುರುತೇ ಸಿಗುತ್ತಿರಲಿಲ್ಲ. ಅಳಿಯಂದಿರು ತಲೆ ಮೇಲೆ ಕೈ ಹೊತ್ತು ಕೂತ್ರು. ಕೆಂಚಿ ಮಾತ್ರ ಮೊದಲ ತೊಳೆ ಬಿಡಿಸಿ ಗಿರಿಯಜ್ಜಿ ಬಾಯಿಗೆ ಇಟ್ಲು. ಅಜ್ಜಿ ಅಗಿದ್ಲು, ಅಗಿದ್ಲು, 'ಅಟ್ಟಕ್ಕೆ ಯಾರೂ ಏನೂ ಇಡಬೇಡ್ರೋ, ಇನ್ನೊಂದು ತೊಳೆ ಕೊಡು ಮಗಾ' ಅಂದ್ಲು."

ಮೋನಾಚಾರಿ ಹಣೆ ಚಚ್ಚಿಕೊಂಡ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದ. ಮತ್ತೆ ಬಂದು ಕೂತ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ಹಿಡಿ ಜಾರಿತಾ?"

"ಏನು?"

"ಎಣ್ಣೆ ಕೈ ಅಂದ್ಯಲ್ಲ. ಅವಳ ಕೈಯಲ್ಲಿ ಹಿಡಿ ಜಾರಿತಾ ಅಂತ."

"ಇಲ್ಲ ಬಾವ. ಅವಳ ಕೈಯಲ್ಲೇ ಬೆಳೆದು ಬಂದ ಹಾಗೆ ಕೂತಿತ್ತು. ಅಷ್ಟು ದೊಡ್ಡ ಹಣ್ಣು, ಒಂದು ಸಲವೂ ಅಲುಗಲಿಲ್ಲ."

ಮೋನಾಚಾರಿಯ ಮುಖ ಮೆಲ್ಲಮೆಲ್ಲಗೆ ಅರಳಿತು. ಅಷ್ಟು ವರ್ಷ ಆ ಕೊಂಬನ್ನು ನೋಡುತ್ತ ಕೂತವನ ಮುಖದಲ್ಲಿ ಅಂಥ ನಗೆಯನ್ನು ಸಂಕವ್ವ ಒಂದು ದಿನವೂ ಕಂಡಿರಲಿಲ್ಲ. ಅವನು ಪಂಚೆ ಮೇಲಕ್ಕೆ ಕಟ್ಟಿದ.

"ಏ ಇವಳೇ, ಏಣಿ ಹಾಕು. ಹಂಗೇ ಚೌಡಕ್ಕನಿಗೆ ಹೇಳಿ ಕಳಿಸು, ಅವಳ ಕೈ ನೋಡಬೇಕು, ಬಾ ಅಂತ."

"ಹೂ ಕೇಳೋದು ಬೇಡ್ವೇನ್ರೀ?" ಅಂದಳು ಸಂಕವ್ವ.

"ಅಮ್ಮ ಒಂದು ಸಲ ಹೇಳಿದ್ದು ಸಾಲದಾ?" ಅಂದ. ಏಣಿ ಹತ್ತಿದ.

ಅವನು ಹತ್ತಿದ್ದು ಅವನ ಅಟ್ಟ, ನಾವು ಇಳಿಯುವುದು ನಮ್ಮ ಜಗಲಿ. ಆ ಕುಲುಮೆಯ ಕಾಳಮ್ಮ ಎಲ್ಲರನ್ನೂ ತಣ್ಣಗಿಡಲಿ. ನಿಮ್ಮ ಮನೆಯ ಚಾಕು ಹರಿತವಿರಲಿ, ಮಾತು ಮಾತ್ರ ಮೆತ್ತಗಿರಲಿ. ಹೇಳಿದವನ ಬಾಯಿ ಒಣಗಿತು, ಒಂದು ಲೋಟ ಮಜ್ಜಿಗೆ ಬರಲಿ.